ಯಾವ ಬಾಕ್ಸಿಂಗ್ ಸಿನಿಮಾ ನೋಡೋದು? ಮೊದಲು ಮೂಲೆಯಲ್ಲಿ ಯಾರಿದ್ದಾರೆ ನೋಡಿ

ನನಗೆ ಬಾಕ್ಸಿಂಗ್ ಹಿಡಿಸುವುದಿಲ್ಲ. ಟಿವಿಯಲ್ಲಿ ನಿಜವಾದ ಪಂದ್ಯ ಬಂದರೆ ಎರಡನೇ ರೌಂಡ್ ಮುಗಿಯುವಷ್ಟರಲ್ಲಿ ಚಾನೆಲ್ ಬದಲಾಯಿಸಿರುತ್ತೇನೆ. ಆದರೆ ಬಾಕ್ಸಿಂಗ್ ಸಿನಿಮಾ ಶುರುವಾದರೆ, ಊಟ ಮಾಡುತ್ತಿದ್ದ ಕೈ ಒಣಗಿದ್ದೂ ಗೊತ್ತಾಗುವುದಿಲ್ಲ. "ಹೊಡೆದಾಟ ನೋಡೋಕಾಗಲ್ಲ ಅಂತೀಯಲ್ಲ, ಮತ್ತೆ ಇದೇನು?" ಅಂತ ಮನೆಯಲ್ಲಿ ಕೇಳುತ್ತಾರೆ.

ಬಹಳ ದಿನ ನನ್ನ ಬಳಿ ಉತ್ತರ ಇರಲಿಲ್ಲ. ಈಗ ಒಂದಿದೆ. ಬಾಕ್ಸಿಂಗ್‌ನಲ್ಲಿ ಮೂರು ನಿಮಿಷ ಗುದ್ದಾಟ, ಒಂದು ನಿಮಿಷ ವಿರಾಮ. ಪಂದ್ಯ ನೋಡುವವರಿಗೆ ಆ ಮೂರು ನಿಮಿಷ ಬೇಕು. ಸಿನಿಮಾಕ್ಕೆ ಬೇಕಾಗಿರುವುದು ಉಳಿದ ಒಂದು ನಿಮಿಷ. ಬೆಲ್ ಹೊಡೆದ ಕೂಡಲೇ ರಿಂಗಿನ ಮೂಲೆಗೆ ಒಂದು ಪುಟ್ಟ ಸ್ಟೂಲು ಬರುತ್ತದೆ. ಏಟು ತಿಂದವನು ಅದರ ಮೇಲೆ ಕುಸಿದು ಕೂರುತ್ತಾನೆ. ಯಾರೋ ನೀರು ಕುಡಿಸುತ್ತಾರೆ, ಯಾರೋ ಒಡೆದ ಹುಬ್ಬಿಗೆ ಹತ್ತಿ ಒತ್ತುತ್ತಾರೆ, ಯಾರೋ ಕಿವಿಯ ಹತ್ತಿರ ಬಂದು ಏನೋ ಹೇಳುತ್ತಾರೆ. ಇಡೀ ಕಥೆ ನಿಂತಿರುವುದು ಆ 'ಯಾರೋ' ಮೇಲೆ.

ಕುಸ್ತಿಯಲ್ಲಿ ಇದು ಇಷ್ಟು ಸಲೀಸಾಗಿ ಸಿಗುವುದಿಲ್ಲ. ನಮ್ಮ ಗರಡಿ ಕುಸ್ತಿ ಎದುರು ನಿಂತು ನೋಡಲು ಚೆಂದ, ಆದರೆ ಕ್ಯಾಮೆರಾಗೆ ತಲೆನೋವು. ಇಬ್ಬರು ಪೈಲ್ವಾನರು ಹೆಣೆದುಕೊಂಡ ಮೇಲೆ ಯಾವ ಕಾಲು ಯಾರದು ಅಂತಲೇ ಗೊತ್ತಾಗದು. ಬಾಕ್ಸಿಂಗ್‌ನಲ್ಲಿ ಮುಖ ಎದುರಿಗೇ ಇರುತ್ತದೆ. ನಿಯಮ ಗೊತ್ತಿಲ್ಲದ ಅಜ್ಜಿಗೂ, ಬಿದ್ದವನು ಹತ್ತು ಎಣಿಸುವುದರೊಳಗೆ ಏಳಬೇಕು ಅಂತ ತಾನಾಗೇ ಅರ್ಥವಾಗುತ್ತದೆ.

ಹಾಗಾಗಿ ಇಲ್ಲಿ ನಾನು ಸ್ಟಾರ್ ಕೊಟ್ಟು, ಅಂಕ ಹಾಕಿ ಹೋಲಿಸುವುದಿಲ್ಲ. ಮೂಲೆಯಲ್ಲಿ ಯಾರಿದ್ದಾರೆ ಅಂತಷ್ಟೇ ನೋಡುತ್ತೇನೆ. ನಿಮಗೆ ಯಾರ ಜೊತೆ ಕೂರಬೇಕು ಅನ್ನಿಸುತ್ತದೋ ಆ ಸಿನಿಮಾ ಆರಿಸಿಕೊಳ್ಳಿ. ಕೆಲವು ಕಡೆ ಕಥೆಯ ಕೊನೆ ಬಾಯಿತಪ್ಪಿ ಬರುತ್ತದೆ, ಮೊದಲೇ ಹೇಳಿಬಿಟ್ಟಿದ್ದೇನೆ.

ರಾಕಿಯೋ, ರೇಜಿಂಗ್ ಬುಲ್ಲೋ

ಬಾಕ್ಸಿಂಗ್ ಸಿನಿಮಾ ಅಂದ ಕೂಡಲೇ ಜಗಳ ಶುರುವಾಗುವುದು ಇವೆರಡರ ನಡುವೆ. 1976ರ 'ರಾಕಿ' ಮತ್ತು 1980ರ 'ರೇಜಿಂಗ್ ಬುಲ್'. ಎರಡೂ ಅಮೆರಿಕದವು, ಎರಡರಲ್ಲೂ ಇಟಾಲಿಯನ್ ಮೂಲದ ಬಡ ಬಾಕ್ಸರ್. ಸಾಮ್ಯ ಅಲ್ಲಿಗೆ ಮುಗಿಯಿತು.

'ರಾಕಿ' ನೋಡದವರು ಅದು ಗೆಲುವಿನ ಕಥೆ ಅಂದುಕೊಂಡಿರುತ್ತಾರೆ. ನೋಡಿದವರಲ್ಲೂ ಎಷ್ಟೋ ಜನರಿಗೆ ಹಾಗೇ ನೆನಪು. ಅಲ್ಲ, ರಾಕಿ ಸೋಲುತ್ತಾನೆ. ತೀರ್ಪು ಓದುವಾಗ ಅವನು ಕೇಳಿಸಿಕೊಳ್ಳುವುದೂ ಇಲ್ಲ, ಗದ್ದಲದಲ್ಲಿ ತಾನು ಪ್ರೀತಿಸುವ ಏಡ್ರಿಯನ್ ಎಲ್ಲಿ ಅಂತ ಕೂಗುತ್ತಿರುತ್ತಾನೆ. ಅವನಿಗೆ ಬೇಕಿದ್ದದ್ದು ಹದಿನೈದು ರೌಂಡ್ ಕಾಲ ಮೇಲೆ ನಿಂತಿರುವುದು. ಇದರ ಹಿಂದೆ ನಿಜವಾದ ಒಂದು ಪಂದ್ಯವಿದೆ. 1975ರ ಮಾರ್ಚ್ 24ರಂದು ಓಹಾಯೋದಲ್ಲಿ ಚಕ್ ವೆಪ್ನರ್ ಎಂಬ ಬಾಕ್ಸರ್ ಮುಹಮ್ಮದ್ ಅಲಿ ಎದುರು ನಿಂತ. ಮದ್ಯ ಮಾರುವ ಸೇಲ್ಸ್‌ಮನ್ ಕೆಲಸವನ್ನೂ ಮಾಡುತ್ತಿದ್ದವನು. ಗೆಲ್ಲುತ್ತಾನೆ ಅಂತ ಯಾರೂ ಅಂದುಕೊಂಡಿರಲಿಲ್ಲ. ಹದಿನೈದನೇ ರೌಂಡ್ ಮುಗಿಯಲು 19 ಸೆಕೆಂಡ್ ಇರುವಾಗ ರೆಫರಿ ಪಂದ್ಯ ನಿಲ್ಲಿಸಬೇಕಾಯಿತು. ಆ ಪಂದ್ಯ ನೋಡಿದ ಸಿಲ್ವೆಸ್ಟರ್ ಸ್ಟಾಲೋನ್ ಕಥೆ ಬರೆದ, ಬರೆದ ಮೇಲೆ ನಾನೇ ನಾಯಕ ಅಂತ ಹಟ ಹಿಡಿದ.

ಸುಮಾರು ಹತ್ತು ಲಕ್ಷ ಡಾಲರ್ ಬಜೆಟ್ಟು, 28 ದಿನದ ಶೂಟಿಂಗು. ದುಡ್ಡಿಲ್ಲದಿದ್ದುದೇ ಕೆಲವು ಕಡೆ ಒಳ್ಳೆಯದಾಯಿತು. ಐಸ್ ಸ್ಕೇಟಿಂಗ್ ದೃಶ್ಯಕ್ಕೆ ನೂರಾರು ಜನ ಬೇಕಿತ್ತು, ಅಷ್ಟು ಜನರಿಗೆ ಕೂಲಿ ಕೊಡಲು ಆಗಲಿಲ್ಲ. ಹಾಗಾಗಿ ಮುಚ್ಚಿದ ರಿಂಕ್‌ನಲ್ಲಿ ರಾಕಿ, ಏಡ್ರಿಯನ್ ಇಬ್ಬರೇ. ಅಲ್ಲಿನ ಕೆಲಸಗಾರನಿಗೆ ಹತ್ತು ಡಾಲರ್ ಕೊಟ್ಟು ಹತ್ತು ನಿಮಿಷ ಕೊಂಡುಕೊಂಡಿರುತ್ತಾನೆ ರಾಕಿ. ಆ ಮನುಷ್ಯ ಇನ್ನೆಷ್ಟು ನಿಮಿಷ ಉಳಿಯಿತು ಅಂತ ಕೂಗುತ್ತಾ ಇರುತ್ತಾನೆ. ಪಂದ್ಯಕ್ಕೆ ಮೊದಲೇ ಒಂದು ರೌಂಡ್ ನಡೆದಂತೆ.

ಫಿಲಡೆಲ್ಫಿಯಾ ಮ್ಯೂಸಿಯಂನ 72 ಮೆಟ್ಟಿಲು ಓಡಿ ಹತ್ತುವುದನ್ನು ಎಲ್ಲರೂ ಹೇಳುತ್ತಾರೆ. ನನಗೆ ಬೇರೆ ದೃಶ್ಯ ಹೆಚ್ಚು. ರಾಕಿಗೆ ಚಾಂಪಿಯನ್ ಜೊತೆ ಪಂದ್ಯ ಸಿಕ್ಕಿದೆ ಅಂತ ತಿಳಿದ ಮೇಲೆ ಮುದಿ ಕೋಚ್ ಮಿಕ್ಕಿ ಅವನ ರೂಮಿಗೆ ಬರುತ್ತಾನೆ. ವರ್ಷಗಟ್ಟಲೆ ಕಡೆಗಣಿಸಿ, ಜಿಮ್ಮಿನ ಲಾಕರನ್ನೂ ಕಿತ್ತುಕೊಂಡ ಅದೇ ಮಿಕ್ಕಿ. ಈಗ ನನ್ನನ್ನು ಮ್ಯಾನೇಜರ್ ಮಾಡಿಕೋ ಅಂತ ಕೇಳುತ್ತಾನೆ. ರಾಕಿ ಮುಖ ಕೊಡುವುದಿಲ್ಲ. ಮುದುಕ ಹೊರಟ ಮೇಲೆ ಖಾಲಿ ರೂಮಿನಲ್ಲಿ ಒಬ್ಬನೇ ಕೂಗಾಡುತ್ತಾನೆ. ಆಮೇಲೆ ಬೀದಿಗೆ ಓಡುತ್ತಾನೆ. ಕ್ಯಾಮೆರಾ ದೂರದಲ್ಲೇ ನಿಂತಿರುತ್ತದೆ. ಇಬ್ಬರ ಮಾತು ನಮಗೆ ಕೇಳಿಸುವುದಿಲ್ಲ, ಕೈ ಕುಲುಕುವುದು ಮಾತ್ರ ಕಾಣುತ್ತದೆ. ಕೊನೆಯ ಪಂದ್ಯದಲ್ಲಿ ಊದಿ ಮುಚ್ಚಿಹೋದ ಕಣ್ಣಿನ ರೆಪ್ಪೆ ಕೊಯ್ಯಿ ಅಂತ ರಾಕಿ ಮೂಲೆಯಲ್ಲಿ ಹೇಳಿದಾಗ ನಮಗೆ ನಡುಕ ಬರುವುದು ಈ ಬೀದಿಯ ದೃಶ್ಯ ಮೊದಲೇ ನೋಡಿರುವುದರಿಂದ.

'ರೇಜಿಂಗ್ ಬುಲ್' ಮೂಲೆಯೇ ಖಾಲಿಯಾಗುತ್ತಾ ಹೋಗುವ ಕಥೆ. ಜೇಕ್ ಲಾಮೊಟ್ಟಾ ನಿಜವಾದ ಬಾಕ್ಸರ್, 1949ರಲ್ಲಿ ಮಿಡ್ಲ್‌ವೇಟ್ ಚಾಂಪಿಯನ್ ಆದವನು. ಅವನ ಮೂಲೆಯಲ್ಲಿ ತಮ್ಮ ಇರುತ್ತಾನೆ. ಸುಮ್ನೆ ಅನುಮಾನಪಟ್ಟು ತಮ್ಮನನ್ನೂ ಹೊಡೆಯುತ್ತಾನೆ, ಹೆಂಡತಿಯನ್ನೂ ಹೊಡೆಯುತ್ತಾನೆ. ರಿಂಗಿನಲ್ಲಿ ಮಾಡುವುದನ್ನೇ ಮನೆಯಲ್ಲೂ ಮಾಡುವ ಮನುಷ್ಯ. ಶುಗರ್ ರೇ ರಾಬಿನ್ಸನ್ ಜೊತೆಗಿನ ಕೊನೆಯ ಪಂದ್ಯದಲ್ಲಿ ಹಗ್ಗಕ್ಕೆ ಒರಗಿ, ಕೈ ಇಳಿಬಿಟ್ಟು, ಹೊಡೆ ಅಂತ ನಿಂತುಬಿಡುತ್ತಾನೆ. ಅಷ್ಟಾಗಿಯೂ ನೀನು ನನ್ನನ್ನು ಬೀಳಿಸಲಿಲ್ಲ ಅನ್ನುವ ಜಂಭ ಬೇರೆ.

ನಿರ್ದೇಶಕ ಮಾರ್ಟಿನ್ ಸ್ಕೋರ್ಸೇಸಿ ಕ್ಯಾಮೆರಾವನ್ನು ಹೆಚ್ಚಾಗಿ ರಿಂಗಿನ ಒಳಗೇ ಇಟ್ಟ. ಜೇಕ್‌ನ ಮನಸ್ಸು ಹೇಗಿದೆಯೋ ಹಾಗೆ ಒಂದೊಂದು ಪಂದ್ಯದಲ್ಲಿ ರಿಂಗಿನ ಅಳತೆಯೂ ಬದಲಾಗುತ್ತದೆ. ಕಪ್ಪು ಬಿಳುಪು ಸಿನಿಮಾ ಆದ್ದರಿಂದ ರಕ್ತಕ್ಕೆ ಚಾಕೊಲೇಟ್ ಸಿರಪ್ ಸಾಕಾಯಿತು. ರಾಬರ್ಟ್ ಡಿ ನೀರೋ ಬೊಜ್ಜು ಬಂದ ಮುದಿ ಜೇಕ್ ಆಗಲು ಸುಮಾರು 27 ಕಿಲೋ ಹೆಚ್ಚಿಸಿಕೊಂಡ. ಅಷ್ಟು ದಿನ ಶೂಟಿಂಗೇ ನಿಂತಿತ್ತು. ಅವನಿಗೆ ಆಸ್ಕರ್ ಬಂತು, ಎಡಿಟ್ ಮಾಡಿದ ಥೆಲ್ಮಾ ಸ್ಕೂನ್‌ಮೇಕರ್‌ಗೂ ಬಂತು.

ಯಾವುದು ದೊಡ್ಡ ಸಿನಿಮಾ ಅಂದರೆ 'ರೇಜಿಂಗ್ ಬುಲ್'. ಯಾವುದನ್ನು ಮತ್ತೆ ನೋಡುತ್ತೀರಿ ಅಂದರೆ 'ರಾಕಿ', ಇದರಲ್ಲಿ ನನಗೆ ಗೊಂದಲವೇ ಇಲ್ಲ. ಮಕ್ಕಳ ಜೊತೆ ಕೂತರೆ 'ರಾಕಿ'. ಮಕ್ಕಳು ಮಲಗಿದ ಮೇಲೆ, ನಿಮ್ಮ ಮನಸ್ಸೂ ಗಟ್ಟಿ ಇದ್ದ ದಿನ, ಇನ್ನೊಂದು. ಈ ಎರಡನ್ನೂ ಒಂದೇ ರಾತ್ರಿ ನೋಡುವ ಸಾಹಸ ಬೇಡ.

'ರಾಕಿ' ಇಷ್ಟವಾದರೆ ಮುಂದಿನ ಭಾಗಗಳ ಬಾಲ ಹಿಡಿಯದೆ ನೇರ 2015ರ 'ಕ್ರೀಡ್'ಗೆ ಹೋಗಿ. ಅಲ್ಲಿ ಮೂಲೆಯಲ್ಲಿ ನಿಂತಿರುವುದು ಸ್ವತಃ ರಾಕಿ, ಈಗ ಮುದುಕ. ಎರಡು ರೌಂಡಿನ ಒಂದು ಪೂರ್ತಿ ಪಂದ್ಯವನ್ನು ಕಟ್ ಇಲ್ಲದ ಒಂದೇ ಶಾಟ್‌ನಲ್ಲಿ ತೋರಿಸಿದ್ದಾರೆ. ಒಂದು ವ್ಯತ್ಯಾಸ ಗಮನಿಸಿ. ಹಳೆಯ 'ರಾಕಿ'ಯಲ್ಲಿ ಹದಿನೈದು ರೌಂಡ್, 'ಕ್ರೀಡ್'ನಲ್ಲಿ ಹನ್ನೆರಡು. 1982ರ ನವೆಂಬರಿನಲ್ಲಿ ಕೊರಿಯಾದ ಡುಕ್ ಕೂ ಕಿಮ್ ಹದಿನಾಲ್ಕನೇ ರೌಂಡಿನಲ್ಲಿ ಬಿದ್ದು, ಕೆಲವೇ ದಿನಗಳಲ್ಲಿ ತೀರಿಕೊಂಡ. ಆಮೇಲೆ ಬಾಕ್ಸಿಂಗ್ ಸಂಸ್ಥೆಗಳು ಒಂದೊಂದಾಗಿ ಹನ್ನೆರಡಕ್ಕೆ ಇಳಿಸಿದವು.

ಮೂಲೆಯವನೇ ಮೋಸ ಮಾಡಿದರೆ

ಸಮಯ ಕಮ್ಮಿ ಇರುವವರಿಗೆ ನನ್ನ ಆಯ್ಕೆ 1949ರ 'ದಿ ಸೆಟ್-ಅಪ್'. ಬರೀ 72 ನಿಮಿಷ. ಕಥೆಯಲ್ಲಿ ನಡೆಯುವುದೂ ಅಷ್ಟೇ ಹೊತ್ತು. ಮೊದಲ ಶಾಟ್‌ನಲ್ಲಿ ಬೀದಿಯ ಗಡಿಯಾರ ಕಾಣುತ್ತದೆ, ಕೊನೆಯಲ್ಲೂ ಅದೇ ಗಡಿಯಾರ. ಸ್ಟೋಕರ್ ಎಂಬ 35ರ ಬಾಕ್ಸರ್. ಅವನು ಸೋಲಲಿ ಅಂತ ಗೂಂಡಾ ಒಬ್ಬನಿಂದ ಅವನ ಮ್ಯಾನೇಜರ್ ದುಡ್ಡು ತಗೊಂಡಿದ್ದಾನೆ, ಆದರೆ ಸ್ಟೋಕರ್‌ಗೇ ಹೇಳಿಲ್ಲ. ಯಾಕೆ? ಹೇಳದಿದ್ದರೂ ಇವನು ಹೇಗೂ ಸೋಲುತ್ತಾನೆ, ಹೇಳಿದರೆ ಅವನಿಗೂ ಪಾಲು ಕೊಡಬೇಕು. ಇಷ್ಟು ಸಣ್ಣ ನೀಚತನದ ಮೇಲೆ ಇಷ್ಟು ಬಿಗಿಯಾದ ಸಿನಿಮಾ ಕಟ್ಟಬಹುದು ಅಂತ ನನಗೆ ಗೊತ್ತಿರಲಿಲ್ಲ. ಸ್ಟೋಕರ್ ಆಗಿರುವ ರಾಬರ್ಟ್ ರಯಾನ್ ಕಾಲೇಜಿನಲ್ಲಿ ನಿಜಕ್ಕೂ ಬಾಕ್ಸಿಂಗ್ ಮಾಡಿದವನು. ಅವನ ಕೈಕಾಲು ನೋಡಿದರೇ ತಿಳಿಯುತ್ತದೆ.

ಗುರುವೇ ಅಪ್ಪನೋ, ಮನೆಯವರೇ ಗುರುಗಳೋ

ಇದು 'ಮಿಲಿಯನ್ ಡಾಲರ್ ಬೇಬಿ' (2004) ಮತ್ತು 'ದಿ ಫೈಟರ್' (2010) ನಡುವಿನ ಆಯ್ಕೆ.

ಮೊದಲನೆಯದರಲ್ಲಿ ಮ್ಯಾಗಿ ಎಂಬ 31ರ ಹೋಟೆಲ್ ಪರಿಚಾರಕಿ, ಹುಡುಗಿಯರಿಗೆ ನಾನು ಕಲಿಸಲ್ಲ ಅನ್ನುವ ಮುದಿ ಕೋಚ್ ಹಿಂದೆ ಬೀಳುತ್ತಾಳೆ. ಕ್ಲಿಂಟ್ ಈಸ್ಟ್‌ವುಡ್ ಆ ಕೋಚ್, ನಿರ್ದೇಶಕನೂ ಅವನೇ. ಗಾಯದ ರಕ್ತ ನಿಲ್ಲಿಸುವ ಕೆಲಸದಲ್ಲಿ ಪಳಗಿದ ಕೈ. ಸಿನಿಮಾಕ್ಕೆ ಮೂಲವಾದ ಕಥೆಗಳನ್ನು ಬರೆದವನೂ ಅದೇ ಕೆಲಸ ಮಾಡಿದವನಾದ್ದರಿಂದ, ಮುರಿದ ಮೂಗನ್ನು ಒಂದು ನಿಮಿಷದಲ್ಲಿ ಸರಿಮಾಡುವಂಥ ವಿವರಗಳು ಮೈ ಜುಮ್ ಅನ್ನಿಸುತ್ತವೆ. ಅತ್ಯುತ್ತಮ ಚಿತ್ರವೂ ಸೇರಿ ನಾಲ್ಕು ಆಸ್ಕರ್ ಗೆದ್ದಿದೆ. ಎರಡನೇ ಅರ್ಧದಲ್ಲಿ ಏನಾಗುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಮನೆಯಲ್ಲಿ ಯಾರಾದರೂ ಬಹಳ ದಿನದಿಂದ ಹಾಸಿಗೆ ಹಿಡಿದಿದ್ದರೆ ಈ ಸಿನಿಮಾ ಸದ್ಯಕ್ಕೆ ಬೇಡ.

'ದಿ ಫೈಟರ್' ಇದಕ್ಕೆ ಪೂರ್ತಿ ತಿರುಗುಮುರುಗು. ಮಸಾಚುಸೆಟ್ಸ್‌ನ ಲೋವೆಲ್ ಊರಿನ ಮಿಕ್ಕಿ ವಾರ್ಡ್ ಕಥೆ. ಅಮ್ಮನೇ ಮ್ಯಾನೇಜರ್. ಡ್ರಗ್ಸ್ ಚಟಕ್ಕೆ ಬಿದ್ದ ಅಣ್ಣನೇ ಟ್ರೇನರ್. ಜೊತೆಗೆ ಏಳು ಜನ ಅಕ್ಕತಂಗಿಯರು. ಸೋಫಾದ ತುಂಬ ಕೂತು ಒಟ್ಟಿಗೆ ಮಾತಾಡುವ ಆ ಹೆಂಗಸರನ್ನು ನೋಡಿದಾಗ ನಮ್ಮ ಕಡೆಯ ಮದುವೆ ಮಾತುಕತೆ ನೆನಪಾಗದಿದ್ದರೆ ಕೇಳಿ. ಅಣ್ಣನಾಗಿ ಕ್ರಿಶ್ಚಿಯನ್ ಬೇಲ್, ಅಮ್ಮನಾಗಿ ಮೆಲಿಸ್ಸಾ ಲಿಯೋ, ಇಬ್ಬರಿಗೂ ಆಸ್ಕರ್. ನಾಯಕ ಮಾರ್ಕ್ ವಾಲ್‌ಬರ್ಗ್ ಮಾತ್ರ ಪಾಪ, ಎಲ್ಲರ ಮಾತು ಕೇಳಿಸಿಕೊಂಡು ಕೂತಿರುತ್ತಾನೆ. ಪಾತ್ರವೇ ಹಾಗಿದೆ. ಮನೆಯವರನ್ನು ಬಿಡಲೂ ಆಗದೆ ಜೊತೆಗಿರಲೂ ಆಗದೆ ಒದ್ದಾಡಿದವರಿಗೆ ಇದು. ನಗುವೂ ಬರುತ್ತದೆ. ನಾನಂತೂ 'ದಿ ಫೈಟರ್' ಕಡೆ.

ನಮ್ಮ ದೇಶದ ಮೂಲೆಗಳು

ಭಾರತದ್ದೇ ಬೇಕು ಅಂದರೆ ಪೈಪೋಟಿ ತಮಿಳಿನ 'ಸಾರ್ಪಟ್ಟಾ ಪರಂಬರೈ' (2021) ಮತ್ತು ಹಿಂದಿಯ 'ಮುಕ್ಕಾಬಾಜ್' (2018) ನಡುವೆ. ಉಳಿದವು ಆಮೇಲೆ.

'ಸಾರ್ಪಟ್ಟಾ' ನಡೆಯುವುದು ಎಪ್ಪತ್ತರ ದಶಕದ ಉತ್ತರ ಮದ್ರಾಸಿನಲ್ಲಿ. ಬ್ರಿಟಿಷರ ಕಾಲದಿಂದ ಅಲ್ಲಿ ಬೇರೂರಿದ ಬಾಕ್ಸಿಂಗ್ ಆಟಕ್ಕೆ ನಮ್ಮ ಗರಡಿಗಳ ಹಾಗೆ ಪರಂಪರೆಗಳಿವೆ. ಸಾರ್ಪಟ್ಟಾ ಒಂದು, ಇಡಿಯಪ್ಪ ಇನ್ನೊಂದು. ಹುಡುಗ ಕಬಿಲನ್ ಬಾಕ್ಸರ್ ಅಲ್ಲ, ಕೂಲಿ ಕೆಲಸಗಾರ. ಪಾಳಿ ಮುಗಿದ ಸೈರನ್ ಕೇಳಿದ್ದೇ ತಡ, ಪಂದ್ಯ ನೋಡಲು ಓಡುತ್ತಾನೆ. ಅವನ ಅಮ್ಮನಿಗೆ ಬಾಕ್ಸಿಂಗ್ ಅಂದರೆ ಆಗದು, ಗಂಡನನ್ನು ಕಳೆದುಕೊಂಡದ್ದೇ ಅದರ ಹಿಂದೆ ಬಂದ ರೌಡಿತನದಿಂದ. ಮೂಲೆಯಲ್ಲಿರುವುದು ರಂಗನ್ ಮೇಷ್ಟ್ರು. ಗರಡಿಯಲ್ಲಿ ವಸ್ತಾದ್ ಇದ್ದಂತೆ, ತಮಿಳಿನಲ್ಲಿ ವಾತ್ಯಾರ್ ಅಂತಾರೆ. ಪಶುಪತಿ ಆ ಪಾತ್ರವನ್ನು ಕಣ್ಣಲ್ಲೇ ಮಾಡಿದ್ದಾರೆ. ಸ್ವಂತ ಮಗನನ್ನು ಬಿಟ್ಟು ಕಬಿಲನ್‌ನನ್ನು ಆರಿಸುತ್ತಾರೆ, ಮನೆಯಲ್ಲೇ ಬೆಂಕಿ ಬೀಳುತ್ತದೆ. ಮೇಷ್ಟ್ರು ಡಿಎಂಕೆಯವರು. ತುರ್ತು ಪರಿಸ್ಥಿತಿಯ ಸಮಯದಲ್ಲಿ, 1976ರ ಜನವರಿ 31ರಂದು ಡಿಎಂಕೆ ಸರ್ಕಾರವನ್ನು ವಜಾ ಮಾಡಲಾಯಿತು. ಆ ಸುದ್ದಿ ಸಿನಿಮಾದಲ್ಲಿ ನೇರ ರಿಂಗಿನೊಳಕ್ಕೇ ನುಗ್ಗುತ್ತದೆ, ಮೂಲೆಯಲ್ಲಿದ್ದ ಮನುಷ್ಯನನ್ನೇ ಪೊಲೀಸರು ಕರೆದೊಯ್ಯುತ್ತಾರೆ. ದೇಶದ ರಾಜಕೀಯವನ್ನು ಇಷ್ಟು ಸರಳವಾಗಿ ಹೇಳಿದ ಬಾಕ್ಸಿಂಗ್ ಸಿನಿಮಾ ಬೇರೆ ನಾನು ನೋಡಿಲ್ಲ.

ಇದರ ನಡುವೆ ಡ್ಯಾನ್ಸಿಂಗ್ ರೋಸ್ ಎಂಬ ಒಬ್ಬ ಎದುರಾಳಿ ಬರುತ್ತಾನೆ. ಕುಣಿಯುತ್ತಾ ಹೊಡೆಯುತ್ತಾನೆ. ಕಾಲು ಎಲ್ಲಿದೆ, ತಲೆ ಎಲ್ಲಿದೆ ಗೊತ್ತಾಗುವುದಿಲ್ಲ. ಇರುವುದು ಸ್ವಲ್ಪವೇ ಹೊತ್ತು, ಆದರೆ ಸಿನಿಮಾ ಬಿಡುಗಡೆಯಾದ ವಾರ ಎಲ್ಲರ ಬಾಯಲ್ಲೂ ಅವನ ಹೆಸರೇ. ದೋಷವೂ ಹೇಳಬೇಕಲ್ವಾ? ಸಿನಿಮಾ ಮೂರು ಗಂಟೆಗೆ ಹತ್ತಿರ. ಕಬಿಲನ್ ಕುಡಿತಕ್ಕೆ ಬಿದ್ದ ಭಾಗ ಎಳೆದಾಡುತ್ತದೆ. ಆ ಹೊತ್ತಿಗೆ ಕಾಫಿ ಮಾಡಿಕೊಂಡು ಬರಬಹುದು.

'ಮುಕ್ಕಾಬಾಜ್'ನ ಊರು ಬರೇಲಿ. ಇಲ್ಲಿ ಪರಂಪರೆ ಇಲ್ಲ, ಫೆಡರೇಶನ್ ಇದೆ. ಅದರ ಯಜಮಾನ ಊರಿನ ಪುಂಡ ನಾಯಕ, ಬಾಕ್ಸರ್‌ಗಳನ್ನು ಮನೆ ಆಳುಗಳಂತೆ ದುಡಿಸಿಕೊಳ್ಳುವವನು. ಶ್ರವಣ್ ಎಂಬ ಹುಡುಗ ತಿರುಗಿ ಅವನಿಗೇ ಒಂದು ಗುದ್ದು ಕೊಡುತ್ತಾನೆ, ಅಲ್ಲಿಂದ ಅವನ ಕಷ್ಟ ಶುರು. ಪ್ರೀತಿಸಿದ ಹುಡುಗಿ ಬೇರೆ ಅದೇ ಯಜಮಾನನ ಅಣ್ಣನ ಮಗಳು. ಅವಳಿಗೆ ಮಾತು ಬರುವುದಿಲ್ಲ. ಸ್ಪೋರ್ಟ್ಸ್ ಕೋಟಾದಲ್ಲಿ ರೈಲ್ವೆ ಕೆಲಸ ಸಿಕ್ಕರೆ ಅಲ್ಲೂ ಜಾತಿಯ ಲೆಕ್ಕಾಚಾರ. ಮೂಲೆಗೆ ಕೊನೆಗೂ ಬಂದು ನಿಲ್ಲುವವನು ದಲಿತ ಕೋಚ್. ಅವನು ಅಲ್ಲಿ ನಿಂತದ್ದಕ್ಕೆ ತೆರುವ ಬೆಲೆ ದೊಡ್ಡದು. ನಾಯಕ ವಿನೀತ್ ಕುಮಾರ್ ಸಿಂಗ್ ಈ ಪಾತ್ರಕ್ಕಾಗಿ ಪಟಿಯಾಲದಲ್ಲಿ ನಿಜವಾದ ಬಾಕ್ಸರ್‌ಗಳ ಜೊತೆ ಏಟು ತಿಂದು ಕಲಿತ. ಕಥೆ ಬರೆದವರಲ್ಲೂ ಅವನಿದ್ದಾನೆ.

ಹಬ್ಬದ ಊಟದಂತೆ ಎಲ್ಲವೂ ಬೇಕು, ಚಪ್ಪಾಳೆ ತಟ್ಟಬೇಕು ಅಂದರೆ 'ಸಾರ್ಪಟ್ಟಾ'. ಜಿಲ್ಲಾ ಮಟ್ಟದಲ್ಲಿ ಯಾವುದಾದರೂ ಆಟ ಆಡಿ, ಆಯ್ಕೆ ಪಟ್ಟಿಯಲ್ಲಿ ನಿಮ್ಮ ಹೆಸರು ಮಾಯವಾದ ಅನುಭವ ಇದ್ದರೆ 'ಮುಕ್ಕಾಬಾಜ್'. ಎರಡನೆಯದು ನೋಡಿದ ಮೇಲೆ ನಿದ್ದೆ ಬೇಗ ಬರುವುದಿಲ್ಲ.

ಹೆಣ್ಣುಮಕ್ಕಳ ಬಾಕ್ಸಿಂಗ್ ಬಗ್ಗೆ ಎರಡಿವೆ. 2014ರ 'ಮೇರಿ ಕೋಮ್' ಮತ್ತು 2016ರ 'ಇರುದಿ ಸುಟ್ರು', ಹಿಂದಿಯಲ್ಲಿ 'ಸಾಲಾ ಖಡೂಸ್'. ಅವಳಿ ಮಕ್ಕಳಾದ ಮೇಲೆ 2008ರಲ್ಲಿ ಮತ್ತೆ ವಿಶ್ವ ಚಾಂಪಿಯನ್ ಆದ ಮೇರಿ ಕೋಮ್ ಅವರ ನಿಜ ಜೀವನ ಯಾವ ಕಥೆಗೂ ಕಮ್ಮಿ ಇಲ್ಲ. ಆದರೆ ಸಿನಿಮಾ ಅವರಷ್ಟು ಗಟ್ಟಿ ಇಲ್ಲ. ಮಣಿಪುರದ ಹುಡುಗಿಯ ಪಾತ್ರಕ್ಕೆ ಪ್ರಿಯಾಂಕಾ ಚೋಪ್ರಾ ಯಾಕೆ ಅಂತ ಆಗಲೇ ಜನ ಕೇಳಿದ್ದರು, ನನಗೂ ಆ ಪ್ರಶ್ನೆ ಹೋಗಿಲ್ಲ. 'ಇರುದಿ ಸುಟ್ರು'ವಿನ ರಿತಿಕಾ ಸಿಂಗ್ ನಿಜವಾಗಿಯೂ ಫೈಟರ್. ಅವಳು ಕೈ ಎತ್ತಿದರೆ ಕೋಚ್ ಆಗಿರುವ ಮಾಧವನ್ ಜೊತೆ ನಾವೂ ಹಿಂದೆ ಸರಿಯುತ್ತೇವೆ. ಮನೆಯಲ್ಲಿ ಹನ್ನೆರಡು ಹದಿಮೂರರ ಹುಡುಗಿ ಇದ್ದರೆ ಇದನ್ನೇ ಹಾಕಿ.

ಕನ್ನಡದಲ್ಲಿ? 1978ರ 'ತಾಯಿಗೆ ತಕ್ಕ ಮಗ'ದಲ್ಲಿ ರಾಜ್‌ಕುಮಾರ್ ಬಾಕ್ಸರ್. ಆಮೇಲೆ ಧರ್ಮೇಂದ್ರ ಹಿಂದಿಯಲ್ಲಿ ಅದನ್ನೇ ಮಾಡಿದರು. ಮೂಲೆಯಲ್ಲಿ ಯಾರಿದ್ದಾರೆ ಅಂತ ಹೆಸರಲ್ಲೇ ಹೇಳಿಬಿಟ್ಟಿದ್ದಾರೆ ನೋಡಿ. 2015ರ 'ಬಾಕ್ಸರ್'ನಲ್ಲಿ ಧನಂಜಯ ಇದ್ದಾರೆ. 2019ರ 'ಪೈಲ್ವಾನ್'ನಲ್ಲಿ ಸುದೀಪ್ ಮೊದಲು ಅಖಾಡಕ್ಕೆ ಇಳಿದು ಆಮೇಲೆ ರಿಂಗಿಗೆ ಹತ್ತುತ್ತಾರೆ. ಸಾಕುತಂದೆಯಾಗಿ ಸುನಿಲ್ ಶೆಟ್ಟಿ. ನನಗೆ ಅದರಲ್ಲಿ ಹಿಡಿಸಿದ್ದು ಮಣ್ಣಿನ ಭಾಗ. ರಿಂಗಿಗೆ ಬಂದ ಮೇಲೆ ನಾಯಕನೇ ಎಲ್ಲವೂ ಆಗಿಬಿಡುತ್ತಾನೆ, ಸ್ಟೂಲಿನ ಪಕ್ಕದವರಿಗೆ ಹೆಚ್ಚು ಕೆಲಸ ಉಳಿಯುವುದಿಲ್ಲ. ಅಭಿಮಾನಿಗಳು ಬೈದರೂ ಪರವಾಗಿಲ್ಲ, ಅನ್ನಿಸಿದ್ದು ಹೇಳಿದೆ.

ಅಲಿ: ನಟನೋ, ಅಸಲಿಯೋ

ಕೊನೆಯದಾಗಿ ಮುಹಮ್ಮದ್ ಅಲಿ. 2001ರ 'ಅಲಿ'ಯಲ್ಲಿ ವಿಲ್ ಸ್ಮಿತ್ ಚೆನ್ನಾಗಿ ಮಾಡಿದ್ದಾನೆ. ಎದುರಾಳಿಗಳ ಪಾತ್ರಕ್ಕೆ ನಿಜವಾದ ಬಾಕ್ಸರ್‌ಗಳನ್ನೇ ಹಾಕಿದ್ದಾರೆ. ಆದರೂ ಎರಡೂವರೆ ಗಂಟೆ ಕೂರುವ ಬದಲು, ಒಂದೂವರೆ ಗಂಟೆಯ 'ವೆನ್ ವಿ ವರ್ ಕಿಂಗ್ಸ್' ಡಾಕ್ಯುಮೆಂಟರಿ ನೋಡಿ. ಇಲ್ಲಿ ಅಲಿಯೇ ಇರುವಾಗ ಅಲಿಯಂತೆ ನಟಿಸುವವನು ಯಾಕೆ?

ಅದು 1974ರ ಅಕ್ಟೋಬರ್ 30ರಂದು ಜಯೀರ್ ದೇಶದ ಕಿನ್ಶಾಸಾದಲ್ಲಿ ನಡೆದ ಪಂದ್ಯದ ಕಥೆ. ಆಫ್ರಿಕಾದ ಆ ದೇಶಕ್ಕೆ ಈಗ ಕಾಂಗೋ ಅಂತ ಹೆಸರು. ಅಲಿಗೆ 32 ವರ್ಷ. ಎದುರಿಗೆ ಒಂದೂ ಪಂದ್ಯ ಸೋಲದ 25ರ ಜಾರ್ಜ್ ಫೋರ್‌ಮನ್. ಅಲಿಯ ಜೀವಕ್ಕೇ ಅಪಾಯ ಅಂತ ಅವನ ಕಡೆಯವರೇ ಹೆದರಿದ್ದರು. ಅಲಿ ಹಗ್ಗಕ್ಕೆ ಒರಗಿ ನಿಂತು ಹೊಡೆಸಿಕೊಳ್ಳತೊಡಗಿದ. ಹಗ್ಗ ಬಿಟ್ಟು ಈಚೆ ಬಾ ಅಂತ ಮೂಲೆಯಲ್ಲಿದ್ದ ಕೋಚ್ ಏಂಜೆಲೋ ಡಂಡಿ ಕೂಗಿಕೊಂಡರು. ಅಲಿ ಕೇಳಲಿಲ್ಲ. ಫೋರ್‌ಮನ್ ಹೊಡೆದು ಹೊಡೆದು ಸುಸ್ತಾದ. ಎಂಟನೇ ರೌಂಡಿನಲ್ಲಿ ಅಲಿ ಅವನನ್ನು ಬೀಳಿಸಿದ. ಮೂಲೆಯ ಮಾತು ಮೀರಿ ಗೆದ್ದದ್ದನ್ನು ಯಾವ ಕಥೆಗಾರ ಬರೆದರೂ ನಾನು ನಂಬುತ್ತಿರಲಿಲ್ಲ.

ನಿರ್ದೇಶಕ ಲಿಯಾನ್ ಗ್ಯಾಸ್ಟ್ ಬಳಿ ಆ ರೀಲುಗಳು ದುಡ್ಡಿನ ಮತ್ತು ಕೋರ್ಟಿನ ತಕರಾರಿನಿಂದ ಎರಡು ದಶಕಕ್ಕಿಂತ ಜಾಸ್ತಿ ಬಿದ್ದಿದ್ದವು. ಸಿನಿಮಾ ಬಂದದ್ದು 1996ರಲ್ಲಿ. ಆಸ್ಕರ್ ಸಿಕ್ಕಿದ್ದು 1997ರ ಮಾರ್ಚ್ 24ರಂದು, ಅಂದರೆ ವೆಪ್ನರ್ ಪಂದ್ಯ ನಡೆದ ತಾರೀಖಿನಂದೇ, ಸರಿಯಾಗಿ 22 ವರ್ಷ ಕಳೆದ ಮೇಲೆ. ಅಲಿ ಮತ್ತು ಫೋರ್‌ಮನ್ ಇಬ್ಬರೂ ಅಲ್ಲಿದ್ದರು. ಅಷ್ಟೊತ್ತಿಗೆ ಅಲಿಗೆ ಪಾರ್ಕಿನ್ಸನ್ ಕಾಯಿಲೆ. ವೇದಿಕೆಯ ಮೆಟ್ಟಿಲು ಹತ್ತಲು ಕೈ ಕೊಟ್ಟವನು ಫೋರ್‌ಮನ್. ಸಿನಿಮಾದಲ್ಲಿ ಆ ದೃಶ್ಯ ಇರಲು ಸಾಧ್ಯವಿಲ್ಲ, ಬೇರೆಯಾಗಿ ಹುಡುಕಿ ನೋಡಬೇಕು.